ಎಚ್‌ಓ ಲೇಔಟ್‌ಗೆ ಸಣ್ಣ ಟರ್ನ್‌ಟೇಬಲ್: 14 ಇಂಚು ಅಗಲದಲ್ಲಿ ಕೂರುತ್ತಾ?

ವಿದ್ಯಾನಗರ ಯಾರ್ಡ್ (ಹುಬ್ಬಳ್ಳಿ)
ಎಲ್ಲರಿಗೂ ನಮಸ್ಕಾರ. ನನ್ನ ಮಾಡೆಲ್ ರೈಲು ಲೇಔಟ್ 6 ಅಡಿ ಉದ್ದ, 4 ಅಡಿ ಅಗಲ. ಎಚ್‌ಓ (ನಿಜದ 87ರಲ್ಲಿ ಒಂದು ಭಾಗದ ಅಳತೆ), 16.5 ಮಿ.ಮೀ. ಹಳಿ, ಸಾದಾ ಡಿಸಿ ಕಂಟ್ರೋಲರ್. ಕೆಳಗೆ 12 ಮಿ.ಮೀ. ಪ್ಲೈವುಡ್. ಸುತ್ತು ಲೈನ್ ಮುಗಿದಿದೆ, ಒಳಗಡೆ ಸ್ಟೇಷನ್ ಕೂಡ ಆಗಿದೆ. ಬಲಗಡೆ ಮೂಲೆಯಲ್ಲಿ 14 ಇಂಚು ಅಗಲ, 2 ಅಡಿ ಉದ್ದ ಜಾಗ ಖಾಲಿ ಇಟ್ಟಿದ್ದೇನೆ. ಅಲ್ಲಿ ಒಂದು ಟರ್ನ್‌ಟೇಬಲ್ (ದುಂಡನೆ ಗುಂಡಿಯ ಮೇಲೆ ಸೇತುವೆಯಂತೆ ಕೂತು ಇಂಜಿನ್ ತಿರುಗಿಸುವುದು), ಅದರ ಮುಂದೆ ಮೂರು ಲೈನಿನ ಸಣ್ಣ ಶೆಡ್ ಮಾಡಬೇಕು ಅಂತ ಬಹಳ ಆಸೆ.

ಈಗ ಇರುವುದು ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್‌ಗಳು. ಒಂದು ವೈಪಿ ಸ್ಟೀಮ್ ಇಂಜಿನ್ ಕೈಯಾರೆ ಕಟ್ಟುತ್ತಿದ್ದೇನೆ. ಟೇಬಲ್ ಎಷ್ಟು ಇಂಚಿನದು ಬೇಕು? ರೆಡಿ ತರಿಸುವುದಾ, ನಾನೇ ಮಾಡುವುದಾ? ಮೋಟಾರ್ ಹಾಕಬೇಕಾ, ಕೈಯಲ್ಲಿ ತಿರುಗಿಸಿದರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕೇಶ್ವಾಪುರ ಎಚ್‌ಓ
ಕೂರುತ್ತೆ. ಆದರೆ ಮೊದಲು ಇಂಜಿನ್ ಅಳೆಯಿರಿ, ಆಮೇಲೆ ಜಾಗ ಅಳೆಯಿರಿ. ಎಲ್ಲರೂ ಉಲ್ಟಾ ಮಾಡುತ್ತಾರೆ.

ಡಬ್ಲ್ಯುಡಿಎಂ-2 ಬಫರ್‌ನಿಂದ ಬಫರ್‌ಗೆ 17.1 ಮೀಟರ್. ಅದನ್ನು 87ರಿಂದ ಭಾಗಿಸಿದರೆ 197 ಮಿ.ಮೀ. ವೈಪಿ ಟೆಂಡರ್ (ನೀರು, ಕಲ್ಲಿದ್ದಲಿನ ಗಾಡಿ) ಸೇರಿ ಸುಮಾರು 19.1 ಮೀಟರ್, ಅಂದರೆ ನಿಮ್ಮ ಅಳತೆಯಲ್ಲಿ 219 ಮಿ.ಮೀ. 9 ಇಂಚಿನ ಟೇಬಲ್ ಅಂದರೆ 229 ಮಿ.ಮೀ. ವೈಪಿ ಹತ್ತುತ್ತೆ, ಆದರೆ ಎರಡೂ ಕಡೆ ಐದೈದು ಮಿ.ಮೀ. ಮಾತ್ರ ಉಳಿಯುತ್ತೆ. 10 ಇಂಚು ಮಾಡಿದರೆ ಆರಾಮ. ಮುಂದೆ ಡಬ್ಲ್ಯುಪಿ ಸ್ಟೀಮ್ ಇಂಜಿನ್ ತರುವ ಯೋಚನೆ ಇದ್ದರೆ ಮಾತ್ರ ಕಷ್ಟ. ಅದು ಸುಮಾರು 23.9 ಮೀಟರ್, ನಿಮ್ಮಲ್ಲಿ 275 ಮಿ.ಮೀ. ಆಗುತ್ತೆ. ಅದಕ್ಕೆ 12 ಇಂಚು ಬೇಕೇ ಬೇಕು.

ಬೆಟಗೇರಿ ಬೋಗಿ (ಗದಗ)
ಬಫರ್ ಲೆಕ್ಕ ಬೇಡ್ರೀ. ಟೇಬಲ್ ಮೇಲೆ ಕೂರಬೇಕಾಗಿದ್ದು ಗಾಲಿ. ಮುಂದಿನ ಮೊದಲ ಗಾಲಿಯಿಂದ ಹಿಂದಿನ ಕೊನೆಯ ಗಾಲಿವರೆಗೆ ಅಳೆದರೆ ಸಾಕು. ಮೂತಿ ಸ್ವಲ್ಪ ಹೊರಗೆ ಚಾಚಿದರೆ ಏನೂ ಆಗಲ್ಲ. ನನ್ನ ಟೇಬಲ್‌ನಲ್ಲಿ ಹಾಗೇ ನಡೆಯುತ್ತಿದೆ.

ಕೇಶ್ವಾಪುರ ಎಚ್‌ಓ
ಗುಂಡಿ ಸುತ್ತ ಏನೂ ಇಲ್ಲದಿದ್ದರೆ ನಿಮ್ಮ ಮಾತು ಸರಿ. ಆದರೆ ಇವರು ಮುಂದೆ ಶೆಡ್ ಕಟ್ಟುತ್ತಾರೆ. ಚಾಚಿದ ಮೂತಿ ತಿರುಗುವಾಗ ಪಕ್ಕದ ಲೈನಿನಲ್ಲಿ ನಿಂತ ಇಂಜಿನ್‌ಗೆ ಬಡಿಯುತ್ತೆ. ಆಗ ಆ ಇಂಜಿನ್‌ಗಳನ್ನೆಲ್ಲ ಇನ್ನೂ ಹಿಂದೆ ನಿಲ್ಲಿಸಬೇಕು. ಟೇಬಲ್‌ನಲ್ಲಿ ಉಳಿಸಿದ ಜಾಗ ಶೆಡ್‌ನಲ್ಲಿ ಹೋಯಿತು. ಲಾಭ ಏನು ಬಂತು?

ಬೆಟಗೇರಿ ಬೋಗಿ (ಗದಗ)
ಶೆಡ್ ಇದ್ದರೆ ಒಪ್ಪುತ್ತೇನೆ.

ಹಾವೇರಿ ಹಳಿ
ನನಗೊಂದು ಸಂಶಯ. ಡೀಸೆಲ್ ಇಂಜಿನ್ ಎರಡೂ ಕಡೆ ಓಡುತ್ತೆ ಅಲ್ವಾ? ಅದಕ್ಕೆ ಟರ್ನ್‌ಟೇಬಲ್ ಯಾಕೆ? ಸುಮ್ನೆ ಒಂದು ತ್ರಿಕೋನ ಲೈನ್ ಹಾಕಿದರೆ ಗಾಡಿ ತಿರುಗಿಸಬಹುದು. ಗುಂಡಿ ತೋಡುವ ಕೆಲಸವೇ ಇಲ್ಲ.

ಲೋಕೋ ಕಾಕಾ (ಹುಬ್ಬಳ್ಳಿ)
ತಮ್ಮಾ, ಡಬ್ಲ್ಯುಡಿಎಂ-2ಗೆ ಕ್ಯಾಬ್ ಒಂದೇ ಕಡೆ. ಉದ್ದ ಮೂತಿ ಮುಂದೆ ಮಾಡಿ ಓಡಿಸಿದರೆ ಡ್ರೈವರ್‌ಗೆ ಎದುರಿನ ಹಳಿ ಸರಿಯಾಗಿ ಕಾಣಲ್ಲ. ಓಡುತ್ತೆ ನಿಜ, ಬಹಳ ಸಲ ಹಾಗೇ ಓಡಿಸಿದ್ದಾರೆ. ಆದರೆ ಗಿಡ್ಡ ಮೂತಿ ಮುಂದೆ ಬರಲಿ ಅಂತಲೇ ಡ್ರೈವರ್ ಬಯಸುತ್ತಾನೆ. ಈಗ ನಮ್ಮ ಹುಬ್ಬಳ್ಳಿ ಡೀಸೆಲ್ ಶೆಡ್‌ನಲ್ಲಿರುವ ಡಬ್ಲ್ಯುಡಿಜಿ-4 ಕೂಡ ಒಂದೇ ಕ್ಯಾಬಿನದು. ಎರಡು ಕ್ಯಾಬ್ ಬಂದದ್ದು ಡಬ್ಲ್ಯುಡಿಪಿ-4ಡಿ ಥರದ ಇಂಜಿನ್‌ಗಳಲ್ಲಿ. ಹೀಗಾಗಿ ಡೀಸೆಲ್ ಕಾಲಕ್ಕೂ ಟರ್ನ್‌ಟೇಬಲ್‌ಗೆ ಕೆಲಸ ಇತ್ತು, ಇದೆ.

ತ್ರಿಕೋನ ಒಳ್ಳೆಯ ಪದ್ಧತಿಯೇ. ಆದರೆ ಜಾಗ?

ಕೇಶ್ವಾಪುರ ಎಚ್‌ಓ
18 ಇಂಚು ತ್ರಿಜ್ಯದ ಕರ್ವ್ ಹಾಕಿದರೂ ತ್ರಿಕೋನದ ಬುಡವೇ 3 ಅಡಿ ಆಗುತ್ತೆ. ತುದಿಯಲ್ಲಿ ಇಂಜಿನ್ ನಿಲ್ಲಲು ಮತ್ತೆ ಒಂದಡಿ. ಇವರ 4 ಅಡಿ ಲೇಔಟ್‌ನಲ್ಲಿ ಸ್ಟೇಷನ್ ಕಿತ್ತು ಹಾಕಬೇಕಾಗುತ್ತೆ.

ಹಾವೇರಿ ಹಳಿ
ಅಷ್ಟು ಬೇಕಾಗುತ್ತಾ! ಹಾಗಾದರೆ ಟೇಬಲ್ಲೇ ಸರಿ.

ಒಂಬತ್ತು ಮಿ.ಮೀ. (ಧಾರವಾಡ)
ಅದಕ್ಕೇ ಹೇಳುವುದು, ಎನ್ ಸ್ಕೇಲ್‌ಗೆ ಬನ್ನಿ ಅಂತ. 1:160. ಅದೇ ವೈಪಿ 119 ಮಿ.ಮೀ. ಆಗುತ್ತೆ. 6 ಇಂಚಿನ ಟೇಬಲ್ ಸಾಕು, ಪಕ್ಕದಲ್ಲಿ ಆರು ಲೈನಿನ ಶೆಡ್ ಕಟ್ಟಬಹುದು.

ವಿದ್ಯಾನಗರ ಯಾರ್ಡ್ (ಹುಬ್ಬಳ್ಳಿ)
ಇಂಜಿನ್, ಹಳಿ ಎಲ್ಲಾ ಎಚ್‌ಓದಲ್ಲಿ ಕೂಡಿಸಿಟ್ಟಿದ್ದೇನೆ ಸರ್. ಈಗ ಬದಲಾಯಿಸಲು ಆಗಲ್ಲ. ಡಬ್ಲ್ಯುಪಿ ಸದ್ಯಕ್ಕೆ ಇಲ್ಲ. 10 ಇಂಚು ಅಂತ ಇಟ್ಟುಕೊಳ್ಳೋಣ. ಇನ್ನು ರೆಡಿನಾ, ಕೈಯಾರೆನಾ?

ಒಂಬತ್ತು ಮಿ.ಮೀ. (ಧಾರವಾಡ)
ರೆಡಿ ಸಿಗುವುದರಲ್ಲಿ ಸಣ್ಣದು ಅಂದರೆ ಅಟ್ಲಾಸ್ ಕಂಪನಿಯ 9 ಇಂಚಿನದು. ಅದಕ್ಕೆ ಗುಂಡಿ ಬೇಡ, ಪ್ಲೈ ಮೇಲೆ ಹಾಗೇ ಕೂಡಿಸುತ್ತಾರೆ. ಒಳಗೆ ಜಿನೀವಾ ಗೇರ್ ಇದೆ. 15 ಡಿಗ್ರಿಗೆ ಒಂದು ಸಲ ತಾನೇ ನಿಲ್ಲುತ್ತೆ, ಹಳಿ ಹೊಂದಿಸುವ ತಲೆನೋವಿಲ್ಲ. ನೋಡಲು ಮಾತ್ರ ನಿಜವಾದ ಟರ್ನ್‌ಟೇಬಲ್ ಥರ ಕಾಣಲ್ಲ, ದುಂಡನೆ ತಟ್ಟೆ ತಿರುಗಿದಂತೆ ಕಾಣುತ್ತೆ. ಪೆಕೋದ್ದು ಗುಂಡಿ ಇರುವ ಮಾದರಿ, ಸುಮಾರು 12 ಇಂಚು. ನೋಟ ಚೆನ್ನಾಗಿದೆ, ಮೋಟಾರ್ ಬೇರೆ ತಗೋಬೇಕು. ವಾಲ್ಥರ್ಸ್‌ದು ಮೋಟಾರ್ ಸಮೇತ ಬರುತ್ತೆ, 90 ಅಡಿಯ ಮಾದರಿಯ ಸೇತುವೆಯೇ ಎಚ್‌ಓದಲ್ಲಿ 315 ಮಿ.ಮೀ. ಇವರ ಜಾಗಕ್ಕೆ ದೊಡ್ಡದಾಯಿತು. ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸೇರಿ ಬೆಲೆ ಎಲ್ಲಿಗೋ ಹೋಗುತ್ತೆ.

ಗೋಕುಲ ರೋಡ್ ಲೇತ್
ಹುಬ್ಬಳ್ಳಿಯಲ್ಲಿ ಕೂತು ಟರ್ನ್‌ಟೇಬಲ್ ಹೊರಗಿಂದ ತರಿಸುವುದಾ! ಇಷ್ಟು ಲೇತ್, ಇಷ್ಟು ಕೈಕೆಲಸದವರು ಇರುವ ಊರಿದು. ರೈಲ್ವೆ ವರ್ಕ್‌ಶಾಪ್‌ನಿಂದ ಕೆಲಸ ಕಲಿತವರ ಮನೆ ಓಣಿಗೊಂದಿವೆ. ನೀವೇ ಮಾಡಿ, ನಾನು ಬುಷ್ (ಬೇರಿಂಗ್ ಕೂರುವ ಬಳೆ) ತಿರುವಿಕೊಡುತ್ತೇನೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ನಡುವೆ ಒಂದು 608 ಬೇರಿಂಗ್. ಒಳಗೆ 8 ಮಿ.ಮೀ., ಹೊರಗೆ 22, ದಪ್ಪ 7. ಮಕ್ಕಳ ಸ್ಕೇಟಿಂಗ್ ಶೂಗೆ ಹಾಕುವುದು ಇದನ್ನೇ, ಎಲ್ಲ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತೆ. ಒಂದು 8 ಮಿ.ಮೀ. ಹಿತ್ತಾಳೆ ಪೈಪ್. ಪ್ಲೈಗೆ ಗುಂಡಗೆ ಕಟಿಂಗ್. ಕೆಳಗಿಂದ ಇನ್ನೊಂದು ಪ್ಲೈ ತುಂಡು ಸ್ಕ್ರೂ ಹಾಕಿದರೆ ಅದೇ ಗುಂಡಿಯ ನೆಲ.

ಲೋಕೋ ಕಾಕಾ (ಹುಬ್ಬಳ್ಳಿ)
ಗುಂಡಿಯ ಆಳದ ಬಗ್ಗೆ ಒಂದು ಮಾತು. 12 ಮಿ.ಮೀ. ಪ್ಲೈಗೆ ನೇರವಾಗಿ ನೆಲ ಹೊಡೆದರೆ ಆಳ 12 ಮಿ.ಮೀ., ಅಂದರೆ ನಿಜದಲ್ಲಿ ಒಂದು ಮೀಟರ್. ಗರ್ಡರ್ ಕೂರಿಸಿದರೆ ಗುಂಡಿ ತುಂಬಿ ಹೋದ ಹಾಗೆ ಕಾಣುತ್ತೆ. ನಡುವೆ 6 ಮಿ.ಮೀ. ಪಟ್ಟಿ ಕೊಟ್ಟು 18 ಮಾಡಿ. ಆಗ ಒಂದೂವರೆ ಮೀಟರ್ ಮೀರುತ್ತೆ, ಒಳಗೆ ಮನುಷ್ಯ ಇಳಿದು ಗ್ರೀಸ್ ಹಾಕುವಂತಿರುತ್ತೆ.

ಇನ್ನೊಂದು ಮುಖ್ಯ ಮಾತು. ನಿಜವಾದ ಹಳೇ ಟರ್ನ್‌ಟೇಬಲ್‌ನಲ್ಲಿ ಭಾರವೆಲ್ಲ ನಡುವಿನ ಗೂಟದ ಮೇಲೆ, ಬೀಸುವ ಕಲ್ಲಿನ ಹಾಗೆ. ತುದಿಯ ಗಾಲಿಗಳು ಗುಂಡಿಯೊಳಗಿನ ಹಳಿಗೆ ತಾಗಿಯೂ ತಾಗದಂತೆ ಇರಬೇಕು. ಇಂಜಿನ್ ಹತ್ತಿಸುವಾಗ ಮಾತ್ರ ಅವು ಭಾರ ಹೊರುತ್ತವೆ. ಹತ್ತಿದ ಮೇಲೆ ಡ್ರೈವರ್ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ತಗೊಂಡು ಬ್ಯಾಲೆನ್ಸ್ ನೋಡುತ್ತಾನೆ. ಬ್ಯಾಲೆನ್ಸ್ ಸಿಕ್ಕಿತೋ, ನೂರು ಟನ್ ಸಮೀಪದ ಇಂಜಿನ್ ಅನ್ನು ನಾಲ್ಕು ಜನ ಉದ್ದನೆ ಹಿಡಿಕೆ ಹಿಡಿದು ತಳ್ಳಿದರೆ ತಿರುಗುತ್ತೆ. ಸಿಗಲಿಲ್ಲವೋ, ಹತ್ತು ಜನ ತಳ್ಳಿದರೂ ಅಲ್ಲಾಡಲ್ಲ. ಟೆಂಡರ್‌ನಲ್ಲಿ ನೀರು, ಕಲ್ಲಿದ್ದಲು ಖಾಲಿಯಾಗಿದ್ದರೆ ಇಂಜಿನ್ ನಿಲ್ಲಿಸುವ ಜಾಗವೇ ಬದಲಾಗುತ್ತಿತ್ತು. ನಾನು ಫಿಟ್ಟರ್ ಆಗಿ ಸೇರಿದ ಹೊಸದರಲ್ಲಿ ಹಿರಿಯರು ಕಲಿಸಿದ ಮೊದಲ ಪಾಠಗಳಲ್ಲಿ ಇದೂ ಒಂದು.

ನಿಮ್ಮ ಮಾಡೆಲ್‌ನಲ್ಲೂ ತುದಿಗಾಲಿಗೆ ಭಾರ ಬೀಳದ ಹಾಗೆ ಮಾಡಿ. ಕೈಗೆ ಹಗುರಾಗಿ ತಿರುಗುತ್ತೆ.

ಬೆಟಗೇರಿ ಬೋಗಿ (ಗದಗ)
ಕಾಕಾ, ಇಂಥದ್ದನ್ನು ಇನ್ನೂ ಬರೆಯಿರಿ. ಗದಗ ಜಂಕ್ಷನ್ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಇದ್ದಾಗಿನ ಸ್ಟೀಮ್ ಇಂಜಿನ್ ಕಥೆ ನಮ್ಮ ಮನೆಯಲ್ಲಿ ಅಜ್ಜ ಹೇಳುತ್ತಿದ್ದರು. ನಾವು ನೋಡಲೇ ಇಲ್ಲ.

ಸಪ್ತಾಪುರ ಸಿಗ್ನಲ್ (ಧಾರವಾಡ)
ಎಲ್ಲರೂ ಬಡಗಿ ಕೆಲಸದ ಬಗ್ಗೆ ಹೇಳಿದಿರಿ. ಕರೆಂಟ್ ಬಗ್ಗೆ ಯಾರೂ ಹೇಳಲಿಲ್ಲ. ಟೇಬಲ್ ಅರ್ಧ ಸುತ್ತು ತಿರುಗಿದರೆ ಸೇತುವೆಯ ಎಡಗಡೆ ಹಳಿ ಬಲಕ್ಕೆ ಬರುತ್ತೆ. ಪ್ಲಸ್ ಇದ್ದ ಕಡೆ ಮೈನಸ್. ಇಂಜಿನ್ ಗಾಲಿ ಸೇತುವೆಯ ಹಳಿ, ಲೈನಿನ ಹಳಿ ಎರಡನ್ನೂ ಒಟ್ಟಿಗೆ ಮುಟ್ಟಿದ ತಕ್ಷಣ ಶಾರ್ಟ್ ಆಗುತ್ತೆ. ಟರ್ನ್‌ಟೇಬಲ್ ಬಿಟ್ಟುಬಿಟ್ಟವರಲ್ಲಿ ಬಹಳ ಜನ ಸೋತದ್ದು ಇಲ್ಲೇ.

ಡಿಸಿಯಲ್ಲಿ ಪರಿಹಾರ ಸುಲಭ. ಸೇತುವೆಗೆ ಕರೆಂಟನ್ನು ಒಂದು ಡಿಪಿಡಿಟಿ ಸ್ವಿಚ್ ಮೂಲಕ ಕೊಡಿ, ಹಿಂದೆ ಆರು ಕಾಲಿರುತ್ತವಲ್ಲ, ಆ ಸ್ವಿಚ್. ನಾಲ್ಕು ಮೂಲೆ ಕಾಲುಗಳನ್ನು ಅಡ್ಡಡ್ಡ ವೈರ್ ಹಾಕಿ ಸೇರಿಸಿದರೆ ಪ್ಲಸ್, ಮೈನಸ್ ಅದಲುಬದಲು ಆಗುತ್ತೆ. ತಿರುಗಿಸಿದ ಮೇಲೆ ಸ್ವಿಚ್ ಒತ್ತಿ, ಇಂಜಿನ್ ಬಿಡಿ. ಡಿಸಿಸಿ (ಡಿಜಿಟಲ್ ಕಂಟ್ರೋಲ್) ಇದ್ದವರು ಆಟೋ ರಿವರ್ಸರ್ ಹಾಕಿಕೊಂಡರೆ ತಾನೇ ನೋಡಿಕೊಳ್ಳುತ್ತೆ.

ತಿರುಗುವ ಸೇತುವೆಗೆ ವೈರ್ ಹೇಗೆ ತರುವುದು ಅಂತ ಕೇಳಬಹುದು. ಸೌಂಡ್ ಸಿಸ್ಟಮ್‌ನವರು ಮೈಕ್‌ಗೆ ಹಾಕುವ 6.35 ಮಿ.ಮೀ. ಜ್ಯಾಕ್ ಇದೆಯಲ್ಲ, ಅದು ಸಾಕು. ಪಿನ್ ಸೇತುವೆಗೆ, ಸಾಕೆಟ್ ನೆಲಕ್ಕೆ. ಪಿನ್ ಎಷ್ಟು ಸುತ್ತು ತಿರುಗಿದರೂ ತುದಿಗೊಂದು, ಮೈಗೊಂದು ಸಂಪರ್ಕ ಉಳಿಯುತ್ತೆ. ಸಣ್ಣ ಟೇಬಲ್‌ಗೆ ಅದೇ ಗೂಟವೂ ಆಗುತ್ತೆ, ಬೇರಿಂಗ್ ಕೂಡ ಬೇಡ.

ಗೋಕುಲ ರೋಡ್ ಲೇತ್
ಕರೆಂಟ್‌ಗೆ ಜ್ಯಾಕ್ ಒಪ್ಪಿದೆ. ಗೂಟಕ್ಕೆ ಒಪ್ಪಲ್ಲ. ಸಾಕೆಟ್‌ನೊಳಗೆ ಪಿನ್ ಸ್ವಲ್ಪ ಅಲ್ಲಾಡುತ್ತೆ. ಸೇತುವೆಯ ತುದಿ ನಡುವಿನಿಂದ 127 ಮಿ.ಮೀ. ದೂರ. ನಡುವೆ ಕೂದಲೆಳೆ ಅಲ್ಲಾಡಿದರೆ ತುದಿಯಲ್ಲಿ ಹಳಿ ಮೇಲೆ ಕೆಳಗೆ ಆಗುತ್ತೆ. ಭಾರಕ್ಕೆ ಬೇರಿಂಗ್, ಕರೆಂಟ್‌ಗೆ ಜ್ಯಾಕ್. ಎರಡೂ ಕೆಲಸ ಒಂದಕ್ಕೇ ಕೊಡಬೇಡಿ.

ಸಪ್ತಾಪುರ ಸಿಗ್ನಲ್ (ಧಾರವಾಡ)
ಎನ್ ಸ್ಕೇಲ್‌ನಲ್ಲಿ ಬರೀ ಜ್ಯಾಕ್ ಮೇಲೆ ನಿಂತ ಟೇಬಲ್ ಚೆನ್ನಾಗಿ ನಡೆದದ್ದು ನೋಡಿದ್ದೇನೆ. 10 ಇಂಚಿಗೆ ನಿಮ್ಮ ಮಾತು ನಡೆಯಲಿ. ಬೇರಿಂಗ್ ಕೆಳಗೆ ಪೈಪ್ ತುದಿಗೆ ಜ್ಯಾಕ್ ಸಿಕ್ಕಿಸಬಹುದು.

ಒಂಬತ್ತು ಮಿ.ಮೀ. (ಧಾರವಾಡ)
ಪೆಕೋದವರು ಮಾಡಿದ್ದು ಇನ್ನೂ ಜಾಣತನ. ನಡುವೆ ಉಂಗುರವನ್ನು ಎರಡು ಅರ್ಧ ಮಾಡಿಟ್ಟಿದ್ದಾರೆ. ಅರ್ಧ ಸುತ್ತು ಆದಾಗ ಪ್ಲಸ್, ಮೈನಸ್ ತಾನೇ ಬದಲಾಗುತ್ತೆ. ಸ್ವಿಚ್ ಮರೆಯುವ ಭಯವಿಲ್ಲ. ಆದರೆ ಎರಡು ಅರ್ಧಗಳ ನಡುವಿನ ಸಂದು ಬರುವ ದಿಕ್ಕಿನಲ್ಲಿ ಯಾವ ಲೈನನ್ನೂ ಹಾಕಬಾರದು. ಅಲ್ಲಿ ಕರೆಂಟ್ ಸಿಗಲ್ಲ.

ವಿದ್ಯಾನಗರ ಯಾರ್ಡ್ (ಹುಬ್ಬಳ್ಳಿ)
ಇಷ್ಟು ವಿಷಯ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲ ಬರೆದಿಟ್ಟುಕೊಳ್ಳುತ್ತಿದ್ದೇನೆ. ಮೋಟಾರ್ ಬಗ್ಗೆ ಹೇಳಿ. 28ಬಿವೈಜೆ-48 ಅನ್ನುವ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸಣ್ಣ ಸ್ಟೆಪ್ಪರ್ ಮೋಟಾರ್ ಅಗ್ಗಕ್ಕೆ ಸಿಗುತ್ತೆ. ಅದು ಮತ್ತು ಆರ್ಡುಯಿನೊ (ಪ್ರೋಗ್ರಾಂ ಹಾಕುವ ಸಣ್ಣ ಬೋರ್ಡ್) ಸಾಕಾ?

ಕೇಶ್ವಾಪುರ ಎಚ್‌ಓ
ಸಾಕು. ಸುತ್ತಿಗೆ 2048 ಹೆಜ್ಜೆ. ನಿಮ್ಮ ಗುಂಡಿಯ ಸುತ್ತಳತೆ 798 ಮಿ.ಮೀ. ಒಂದು ಹೆಜ್ಜೆಗೆ 0.4 ಮಿ.ಮೀ. ಹಳಿ ಹೊಂದಲು ಹೆಚ್ಚುಕಡಿಮೆ ನಡೆಯುತ್ತೆ.

ಸಪ್ತಾಪುರ ಸಿಗ್ನಲ್ (ಧಾರವಾಡ)
ಇಲ್ಲಿ ಒಂದು ತಿದ್ದುಪಡಿ. 2048 ಅಂತ ಎಲ್ಲರೂ ಬರೆಯುತ್ತಾರೆ, ಯಾಕೆಂದರೆ ಗೇರ್ 1:64 ಅಂತ ಹೇಳುತ್ತಾರೆ. ಬಿಚ್ಚಿ ಹಲ್ಲು ಎಣಿಸಿದರೆ ಬಹಳಷ್ಟು ಮೋಟಾರ್‌ಗಳಲ್ಲಿ ಅದು 63.68 ಬರುತ್ತೆ. ಅಂದರೆ ಸುತ್ತಿಗೆ 2038 ಹೆಜ್ಜೆ ಸಮೀಪ. ಹತ್ತು ಹೆಜ್ಜೆ ವ್ಯತ್ಯಾಸ ಅಂದರೆ ಒಂದು ಸುತ್ತಿಗೆ ಸುಮಾರು 4 ಮಿ.ಮೀ. ತಪ್ಪುತ್ತೆ. ಎರಡು ಸುತ್ತು ಹಾಕಿದರೆ ಇಂಜಿನ್ ಗುಂಡಿಗೆ.

ಅದಕ್ಕೆ ಸೇತುವೆ ತುದಿಯ ಕೆಳಗೆ ಸಣ್ಣ ಆಯಸ್ಕಾಂತ, ಗುಂಡಿಯಲ್ಲಿ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇಡಿ. ಆನ್ ಮಾಡಿದಾಗೆಲ್ಲ ಟೇಬಲ್ ಮೊದಲು ಆ ಜಾಗ ಹುಡುಕಿ ಸೊನ್ನೆ ಮಾಡಿಕೊಳ್ಳಲಿ. ಪ್ರತಿ ಸುತ್ತಿಗೂ ಅಲ್ಲಿ ದಾಟುವಾಗ ಲೆಕ್ಕ ಸರಿಪಡಿಸಿಕೊಳ್ಳಲಿ. ಇನ್ನೊಂದು ತೊಂದರೆ, ಆ ಗೇರ್‌ನಲ್ಲಿ ಸಡಿಲ ಜಾಸ್ತಿ. ಎಡಕ್ಕೆ ತಿರುಗಿಸಿ ನಿಲ್ಲಿಸಿದ್ದಕ್ಕೂ ಬಲಕ್ಕೆ ತಿರುಗಿಸಿ ನಿಲ್ಲಿಸಿದ್ದಕ್ಕೂ ಹೊಂದಲ್ಲ. ಯಾವ ಲೈನಿಗೆ ಹೋಗಬೇಕಾದರೂ ಒಂದೇ ಕಡೆಯಿಂದ ಬಂದು ನಿಲ್ಲುವ ಹಾಗೆ ಪ್ರೋಗ್ರಾಂ ಬರೆಯಿರಿ. ಬೇಕಿದ್ದರೆ ಸ್ವಲ್ಪ ದಾಟಿ ಹೋಗಿ ವಾಪಸ್ ಬರಲಿ.

ದುಡ್ಡು ಇನ್ನಷ್ಟು ಹಾಕುವುದಾದರೆ ನೆಮಾ-17 ಮೋಟಾರ್, ಎ4988 ಡ್ರೈವರ್ (ಮೋಟಾರ್ ನಡೆಸುವ ಬೋರ್ಡ್). 200 ಹೆಜ್ಜೆಯನ್ನು 16 ಭಾಗ ಮಾಡಿದರೆ 3200. ಹೆಜ್ಜೆಗೆ 0.25 ಮಿ.ಮೀ. ನೇರವಾಗಿ ಜೋಡಿಸಿದರೆ ಗೇರೇ ಇಲ್ಲ, ಸಡಿಲವೂ ಇಲ್ಲ.

ಹಾವೇರಿ ಹಳಿ
ನೆಮಾ-17 ನೇರ ಜೋಡಿಸಿದರೆ ನಿಂತಲ್ಲಿ ಬಿಸಿ ಆಗುತ್ತೆ. ಕರೆಂಟ್ ತೆಗೆದರೆ ಸೇತುವೆ ಸರಿದುಬಿಡುತ್ತೆ. ನನಗೆ 3ಡಿ ಪ್ರಿಂಟರ್ ಜೊತೆ ಈ ಮೋಟಾರ್ ಅಭ್ಯಾಸ ಇದೆ.

ಲೋಕೋ ಕಾಕಾ (ಹುಬ್ಬಳ್ಳಿ)
ಅದಕ್ಕೇ ಚಿಲಕ ಬೇಕು. ನಿಜವಾದ ಟೇಬಲ್‌ನಲ್ಲೂ ಹಳಿ ಹೊಂದಿದ ಮೇಲೆ ಚಿಲಕ ಹಾಕದೆ ಇಂಜಿನ್ ಬಿಡುತ್ತಿರಲಿಲ್ಲ. ನಾನು ಇದನ್ನು ಒತ್ತಿ ಹೇಳುತ್ತೇನೆ. ಸೇತುವೆಯ ಬದಿಗೆ ಹಿತ್ತಾಳೆ ಕೊಳವೆ, ಅದರೊಳಗೆ ಸರಿಯುವ ಹಿತ್ತಾಳೆ ಸಲಾಕೆ. ಪ್ರತಿ ಲೈನಿನ ತುದಿಯಲ್ಲೂ ಅದೇ ಅಳತೆಯ ಕೊಳವೆ. ಸಲಾಕೆ ಒಳಗೆ ಹೋಯಿತು ಅಂದರೆ ಹಳಿ ಹೊಂದಿತು. ಮೋಟಾರ್ ಹೆಜ್ಜೆ ಲೆಕ್ಕ ಯಾರಿಗೂ ಬೇಡ.

ಸಪ್ತಾಪುರ ಸಿಗ್ನಲ್ (ಧಾರವಾಡ)
ಕಾಕಾ, ಇದು ಬಹಳ ಒಳ್ಳೆಯದು! ಎರಡೂ ಬದಿಗೆ ಚಿಲಕ ಇಟ್ಟು, ಕರೆಂಟನ್ನೂ ಚಿಲಕದ ಮೂಲಕವೇ ಕೊಡಬಹುದು. ಲೈನಿನ ಎಡ ಹಳಿಯ ಕರೆಂಟ್ ಸೇತುವೆಯ ಎಡ ಹಳಿಗೆ, ಬಲದ್ದು ಬಲಕ್ಕೆ. ಆಗ ಜ್ಯಾಕ್ ಬೇಡ, ಡಿಪಿಡಿಟಿ ಬೇಡ. ಚಿಲಕ ಬಿದ್ದರೆ ಮಾತ್ರ ಸೇತುವೆಗೆ ಕರೆಂಟ್, ಅದೂ ಸರಿಯಾದ ಕಡೆಯಿಂದ. ಹಳಿ ಹೊಂದದೆ ಸೇತುವೆ ಮೇಲಿನ ಇಂಜಿನ್ ಚಲಿಸಲು ಸಾಧ್ಯವೇ ಇಲ್ಲ.

ಕೇಶ್ವಾಪುರ ಎಚ್‌ಓ
ಸೇತುವೆ ಮೇಲಿನದು ಚಲಿಸಲ್ಲ, ಸರಿ. ಲೈನಿನಿಂದ ಬರುವ ಇಂಜಿನ್? ಅದು ಗುಂಡಿಗೆ ಬೀಳಬಹುದಲ್ಲ? ಗುಂಡಿಗೆ ಮುಂಚಿನ ಒಂದಡಿ ಹಳಿಯನ್ನು ಕತ್ತರಿಸಿ ಬೇರೆ ಸೆಕ್ಷನ್ ಮಾಡಿ. ಆ ತುಂಡಿಗೆ ಕರೆಂಟ್ ಸೇತುವೆ ಕಡೆಯಿಂದ, ಚಿಲಕದ ಮೂಲಕವೇ ಹೋಗಲಿ.

ಸಪ್ತಾಪುರ ಸಿಗ್ನಲ್ (ಧಾರವಾಡ)
ಸೇತುವೆ ಕಡೆಯಿಂದ ಅಂದರೆ ಮತ್ತೆ ಜ್ಯಾಕ್, ಡಿಪಿಡಿಟಿ ಎರಡೂ ಬೇಕಾಗುತ್ತೆ. ಅದಕ್ಕಿಂತ ಪ್ರತಿ ಲೈನಿಗೆ ಒಂದು ಮೈಕ್ರೋ ಸ್ವಿಚ್ ಇಟ್ಟು, ಚಿಲಕ ಒತ್ತಿದಾಗ ಮಾತ್ರ ಆ ತುಂಡಿಗೆ ಕರೆಂಟ್ ಹೋಗುವ ಹಾಗೆ ಮಾಡುವುದು ಸರಳ. ಒಂದಡಿ ಕತ್ತರಿಸುವ ಮಾತು ಪೂರ್ತಿ ಸರಿ.

ಮಾಳಮಡ್ಡಿ ಅಕ್ಕ (ಧಾರವಾಡ)
ನನ್ನದು ಬಣ್ಣ, ಗಿಡ, ಕಟ್ಟಡದ ಕೆಲಸ. ಆದರೂ ಒಂದು ಎಚ್ಚರಿಕೆ. ಧಾರವಾಡದ ಮಳೆಗಾಲದಲ್ಲಿ ಪ್ಲೈ ಉಬ್ಬುತ್ತೆ. ಬೇಸಿಗೆಯಲ್ಲಿ ಸಲೀಸಾಗಿ ತಿರುಗಿದ ಸೇತುವೆ ಆಗಸ್ಟ್‌ನಲ್ಲಿ ಗೋಡೆಗೆ ಉಜ್ಜುತ್ತೆ. ಕತ್ತರಿಸಿದ ಅಂಚಿಗೆ ಮೊದಲೇ ಎರಡು ಕೈ ವಾರ್ನಿಶ್ ಕುಡಿಸಿ. ಗುಂಡಿಯ ಗೋಡೆಗೆ, ಸೇತುವೆಗೆ ಪ್ಲೈ ಬೇಡ, ಸನ್‌ಬೋರ್ಡ್ ಅಥವಾ ಅಕ್ರಿಲಿಕ್ ಹಾಕಿ. ಅಂಗಡಿ ಬೋರ್ಡ್ ಮಾಡುವವರ ಹತ್ತಿರ ಲೇಸರ್ ಕಟಿಂಗ್ ಇರುತ್ತೆ. ನೀವು ಗುಂಡನೆ ಚಿತ್ರ ಕೊಟ್ಟರೆ ಸುತ್ತ 15 ಡಿಗ್ರಿಗೊಂದು ಗುರುತನ್ನೂ ಕೊರೆದೇ ಕೊಡುತ್ತಾರೆ. ಗರಗಸದಿಂದ ಅಷ್ಟು ಗುಂಡಗೆ ಯಾರಿಗೂ ಬರಲ್ಲ.

ಬಣ್ಣಕ್ಕೆ ಬಂದರೆ, ಗುಂಡಿಯ ನೆಲಕ್ಕೆ ಬರೀ ಕಪ್ಪು ಬಳಿಯಬೇಡಿ. ಎಣ್ಣೆ, ಬೂದಿ, ನಮ್ಮ ಕಡೆಯ ಕೆಂಪು ಮಣ್ಣಿನ ಧೂಳು ಮೂರೂ ಬೆರೆತ ಬಣ್ಣ ಅದು. ನಡುವಿನ ಗೂಟದ ಸುತ್ತ ಎಣ್ಣೆಕಪ್ಪು, ಗೋಡೆಯ ಕಡೆಗೆ ಹೋದಂತೆ ಕೆಂಪು.

ಬೆಟಗೇರಿ ಬೋಗಿ (ಗದಗ)
ಗದಗದಲ್ಲಿ ಮಣ್ಣು ಕಪ್ಪು ಅಕ್ಕಾರೆ. ಎರೆಭೂಮಿ. ಅವರವರ ಊರಿನ ಮಣ್ಣು ಅವರವರ ಗುಂಡಿಗೆ.

ಮಾಳಮಡ್ಡಿ ಅಕ್ಕ (ಧಾರವಾಡ)
ಖಂಡಿತ. ಒಂದು ಹಿಡಿ ತಂದು ಸಣ್ಣ ಬಟ್ಟೆಯಲ್ಲಿ ಜರಡಿ ಹಿಡಿದು ಹಾಕಿ. ಪೇಂಟ್‌ಗಿಂತ ಚೆನ್ನಾಗಿ ಕಾಣುತ್ತೆ. ಮಣ್ಣಿನಲ್ಲಿ ಕಬ್ಬಿಣದ ಚೂರಿದ್ದರೆ ಆಯಸ್ಕಾಂತ ಆಡಿಸಿ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಮೋಟಾರ್‌ಗೆ ಹತ್ತಿಕೊಳ್ಳುತ್ತೆ.

ಹಾವೇರಿ ಹಳಿ
ವಿಷಯ ಬಿಟ್ಟು ಒಂದು ಮಾತು. ವೈಪಿ ಅಂದರೆ ಮೀಟರ್ ಗೇಜ್. ಅದನ್ನು 16.5 ಮಿ.ಮೀ. ಹಳಿ ಮೇಲೆ ಓಡಿಸುವುದು ತಪ್ಪಲ್ವಾ? ಮೀಟರ್ ಗೇಜ್ ಎಚ್‌ಓದಲ್ಲಿ 11.5 ಬರುತ್ತೆ, ಅದಕ್ಕೆ 12 ಮಿ.ಮೀ. ಹಳಿ ಇದೆ.

ಕೇಶ್ವಾಪುರ ಎಚ್‌ಓ
ಹಾಗೆ ನೋಡಿದರೆ ಡಬ್ಲ್ಯುಡಿಎಂ-2 ಕೂಡ ತಪ್ಪೇ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಎಚ್‌ಓದಲ್ಲಿ 19.3 ಬೇಕು. 16.5 ಅನ್ನುವುದು ಯುರೋಪ್, ಅಮೆರಿಕದ 1435ಕ್ಕೆ ಮಾಡಿದ ಅಳತೆ. ಭಾರತದ ರೈಲು ಮಾಡುವವರು ಎಲ್ಲರೂ ಇದನ್ನು ಒಪ್ಪಿಕೊಂಡೇ ಆಡುತ್ತೇವೆ.

ಹಾವೇರಿ ಹಳಿ
ಒಪ್ಪಿಕೊಳ್ಳುವುದು ಬೇರೆ. ಒಂದೇ ಟೇಬಲ್ ಮೇಲೆ ಎರಡು ಗೇಜ್ ಇಂಜಿನ್ ಒಂದೇ ಅಗಲದ ಹಳಿಯಲ್ಲಿ ನಿಂತರೆ ಕಣ್ಣಿಗೆ ಹೊಡೆಯುತ್ತೆ. ಮೀಟರ್ ಗೇಜ್ ನಮ್ಮ ಭಾಗದ ಇತಿಹಾಸ. ಸದರ್ನ್ ಮರಾಠಾ ರೈಲ್ವೆ ಕಾಲದಿಂದ ಈ ಸೀಮೆಯ ಲೈನ್‌ಗಳು ಇದ್ದದ್ದೇ ಹಾಗೆ. ಅದರ ಅಗಲ ಸರಿಯಾಗಿ ತೋರಿಸಿದರೆ ಚೆಂದ ಅಂತ ನನ್ನ ಆಸೆ.

ವಿದ್ಯಾನಗರ ಯಾರ್ಡ್ (ಹುಬ್ಬಳ್ಳಿ)
ನಿಮ್ಮ ಮಾತು ಮನಸ್ಸಿಗೆ ಬಂತು. ಸೇತುವೆ ಮೇಲೆ ಮೂರನೇ ಹಳಿ ಹಾಕಿದರೆ 12 ಮತ್ತು 16.5 ಎರಡೂ ಬರುತ್ತವಾ?

ಸಪ್ತಾಪುರ ಸಿಗ್ನಲ್ (ಧಾರವಾಡ)
ಎರಡು ಅಳತೆಯ ವ್ಯತ್ಯಾಸ 4.5 ಮಿ.ಮೀ., ಹಳಿಯ ದಪ್ಪ ಕಳೆದರೂ ಗಾಲಿಯ ಅಂಚು ಹೋಗಲು ಜಾಗ ಸಾಕು. ಆದರೆ ಆ ಹಳಿಗೂ ಬೇರೆ ವೈರಿಂಗ್, ಬೇರೆ ಚಿಲಕ. ಮೊದಲು ಎರಡು ಹಳಿಯದು ನಡೆಯಲಿ.

ಒಂಬತ್ತು ಮಿ.ಮೀ. (ಧಾರವಾಡ)
ಇತಿಹಾಸದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಯಾರಾದರೂ ಅಳತೆಗೆ ಸರಿಯಾಗಿ ಮಾಡುತ್ತೀರಾ? ಎಚ್‌ಓದಲ್ಲಿ 17 ಮೀಟರ್ ಮೀರುತ್ತೆ. ಎನ್‌ನಲ್ಲಿ 9.4 ಮೀಟರ್. ಒಂದು ಶಾಲೆಯ ವರಾಂಡ ಸಿಕ್ಕರೆ ನಾನು ಸಿದ್ಧ.

ಬೆಟಗೇರಿ ಬೋಗಿ (ಗದಗ)
ನಾನೂ ಬರುತ್ತೇನೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ.

ಕೇಶ್ವಾಪುರ ಎಚ್‌ಓ
ಶೆಡ್ ಲೆಕ್ಕ ಬಾಕಿ ಇದೆ. ಮೂರು ಲೈನ್‌ಗೆ 15 ಡಿಗ್ರಿ ಅಂತರ ಇಡಿ. ಇಂಜಿನ್ ಅಗಲಕ್ಕೆ 37 ಮಿ.ಮೀ. ಹಿಡಿದು, ನಡುವೆ 5 ಬಿಟ್ಟರೆ 42. ಆ ಅಂತರ ಸಿಗುವುದು ನಡುಗೂಟದಿಂದ 161 ಮಿ.ಮೀ. ದೂರದಲ್ಲಿ, ಅಂದರೆ ಗುಂಡಿಯ ಅಂಚಿನಿಂದ 34 ಮಿ.ಮೀ. ಹಿಂದೆ. ಅಲ್ಲಿಂದ ವೈಪಿ ನಿಂತರೆ ಗೂಟದಿಂದ 380 ಮಿ.ಮೀ. ಆಗುತ್ತೆ. ಈಚೆ ಕಡೆ ಟೇಬಲ್ ಅರ್ಧ 127. ಒಟ್ಟು 507. ನಿಮ್ಮ 2 ಅಡಿಯಲ್ಲಿ 100 ಮಿ.ಮೀ. ಉಳಿಯುತ್ತೆ, ಬರುವ ಲೈನ್‌ಗೆ ಸಾಕು. 10 ಡಿಗ್ರಿ ಮಾಡಲು ಹೋದರೆ ಅದೇ ಅಂತರಕ್ಕೆ ಗೂಟದಿಂದ 241 ಮಿ.ಮೀ. ಹಿಂದೆ ಹೋಗಬೇಕು. ಆಗ ಬರುವ ಲೈನ್‌ಗೆ ಜಾಗ ಉಳಿಯಲ್ಲ.

ವಿದ್ಯಾನಗರ ಯಾರ್ಡ್ (ಹುಬ್ಬಳ್ಳಿ)
ಹಾಗಾದರೆ 15 ಡಿಗ್ರಿ, 10 ಇಂಚು, 18 ಮಿ.ಮೀ. ಆಳ. ಕಾಕಾ ಹೇಳಿದ ಚಿಲಕ, ಕೈಯಲ್ಲಿ ತಿರುಗಿಸುವುದು. ಮೋಟಾರ್ ಆಮೇಲೆ ಬೇಕೆನಿಸಿದರೆ ಕೆಳಗಿಂದ ಜೋಡಿಸಲು ಪೈಪ್ ಸ್ವಲ್ಪ ಉದ್ದ ಬಿಡುತ್ತೇನೆ. ಲೇತ್ ಅಣ್ಣಾ, ಬುಷ್ ಅಳತೆ ಕಳಿಸಲಾ?

ಗೋಕುಲ ರೋಡ್ ಲೇತ್
ಅಳತೆ ಬೇಡ, ಬೇರಿಂಗನ್ನೇ ತಗೊಂಡು ಬನ್ನಿ. ಕಾಗದದ ಮೇಲಿನ 22 ನೋಡಿ ತಿರುವಿದರೆ ಸಡಿಲ ಬಂದರೂ ಬಂತು. ಕೈಯಲ್ಲಿರುವ ಬೇರಿಂಗ್‌ಗೆ ಬಿಗಿಯಾಗಿ ಕೂರುವ ಹಾಗೆ ಮಾಡಿಕೊಡುತ್ತೇನೆ. ಪೈಪ್ ತುಂಡೂ ಇರಲಿ, ಎರಡೂ ಒಟ್ಟಿಗೆ ನೋಡೋಣ. ಮತ್ತೆ ಪ್ಲೈ ಕತ್ತರಿಸುವ ಮೊದಲು ನಡುವೆ ಮೊಳೆ ಹೊಡೆದು ಆ ತೂತನ್ನು ಕೆಳಗಿನ ಪ್ಲೈಗೂ ದಾಟಿಸಿ. ಗುಂಡಿ ತೆಗೆದ ಮೇಲೆ ನಡು ಹುಡುಕುವುದು ಬಹಳ ಕಷ್ಟ.

ಲೋಕೋ ಕಾಕಾ (ಹುಬ್ಬಳ್ಳಿ)
ಯಾವತ್ತು ಹೋಗುತ್ತೀರಿ ಹೇಳಿ. ನಾನೂ ಬರುತ್ತೇನೆ, ಚಿಲಕದ ಕೊಳವೆ ಅಲ್ಲೇ ಕತ್ತರಿಸೋಣ.